ಮೂರು ತುಂಬದೆ ಹೋದ ಅಕ್ಕನನ್ನು ಎಲ್ಲಿ ಹುಡುಕಲಿ?

ಪ್ರಶ್ನೆ: ನನಗೀಗ 58 ವರ್ಷ. ನನಗಿಂತ ಮೂರು ವರ್ಷಕ್ಕೆ ದೊಡ್ಡವನಾದ ಅಣ್ಣ ಒಬ್ಬನಿದ್ದಾನೆ. ಮನೆಯಲ್ಲಿ ಅವನನ್ನು ಈಗಲೂ ಗುಂಡ ಅಂತಲೇ ಕರೆಯುತ್ತಾರೆ. ನಾವಿಬ್ಬರೇ ಮಕ್ಕಳು ಅಂದುಕೊಂಡು ಬೆಳೆದೆವು. ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕು ತೆಗೆದಾಗ ಒಂದು ಜೊತೆ ಚಿಕ್ಕ ಬೆಳ್ಳಿ ಕಡಗ, ಒಂದು ಕೂಸಿನ ಫೋಟೋ ಸಿಕ್ಕವು. ಫೋಟೋದ ಹಿಂದೆ ಅಪ್ಪನ ಕೈಬರಹದಲ್ಲಿ ‘ಪುಟ್ಟಿ, ವಿಕಾರಿ, ಕಾರ್ತಿಕ’ ಎಂದಿದೆ. ಚಿಕ್ಕಮ್ಮನನ್ನು ಕೇಳಿದೆ. ನಿಮಗಿಂತ ಮೊದಲು ಒಂದು ಹೆಣ್ಣು ಕೂಸು ಇತ್ತು, ಮೂರು ತುಂಬೋದರೊಳಗೆ ಹೋಯಿತು ಎಂದಷ್ಟೇ ಹೇಳಿ ಸುಮ್ಮನಾದರು. ಅಮ್ಮನಿಗೆ 84. ಅವರ ತವರು ಹರಿಹರದ ಹತ್ತಿರದ ಹಳ್ಳಿ. ಅಪ್ಪನದು ಹೊಳೆಯಾಚೆ ರಾಣೆಬೆನ್ನೂರು ತಾಲೂಕು, ಒಕ್ಕಲುತನದ ಮನೆ. ನನ್ನ ಅಕ್ಕನ ಹೆಸರೇನು, ಎಲ್ಲಿ ಹುಟ್ಟಿದಳು, ಏನಾಗಿ ಹೋದಳು? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ತಂದೆ ಆ ಕಡಗವನ್ನು ಅರವತ್ತು ವರ್ಷ ಇಟ್ಟುಕೊಂಡಿದ್ದಾರೆ. ಬರಗಾಲ, ಮದುವೆ, ಬೀಜ-ಗೊಬ್ಬರದ ಸಾಲ ಎಲ್ಲ ಬಂದು ಹೋಗಿರುವ ಒಕ್ಕಲುತನದ ಮನೆಯಲ್ಲಿ ಬೆಳ್ಳಿ ಅಷ್ಟು ಕಾಲ ಕರಗದೆ ಉಳಿಯುವುದು ಸುಲಭವಲ್ಲ. ನಿಮ್ಮ ಹುಡುಕಾಟಕ್ಕೆ ಮೊದಲ ದಾಖಲೆ ಅದೇ. ಅದನ್ನು ತೊಳೆಸಬೇಡಿ, ಪಾಲಿಶ್ ಮಾಡಿಸಬೇಡಿ. ಒಳಬದಿಯಲ್ಲಿ ಪತ್ತಾರನ ಗುರುತೋ ಅಕ್ಷರವೋ ಇದ್ದರೆ ಉಜ್ಜಿದಾಗ ಹೋಗಿಬಿಡುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಚೇರಿಯಿಂದ ಕಚೇರಿಗೆ ಅಲೆದು ಬೇಸತ್ತು ಬಿಡುತ್ತೀರಿ. ನಮ್ಮಲ್ಲಿ ಮನುಷ್ಯನ ಹೆಸರು ಕಾಗದಕ್ಕೆ ಏರುವುದು ಮೂರು ಕಾರಣಕ್ಕೆ: ಆಸ್ತಿ, ಮದುವೆ, ತಿಥಿ. ಹಿಸ್ಸೆ ಇದ್ದವನು ಪಹಣಿಯಲ್ಲಿ ಇರುತ್ತಾನೆ, ಮದುವೆಯಾದವಳು ಲಗ್ನಪತ್ರಿಕೆಯಲ್ಲಿ ಇರುತ್ತಾಳೆ, ವರ್ಷಕ್ಕೊಮ್ಮೆ ಎಡೆ ಇಡಿಸಿಕೊಳ್ಳುವವರ ತಿಥಿ ಮನೆಯವರ ಬಾಯಲ್ಲಿ ಉಳಿಯುತ್ತದೆ. ಮೂರು ತುಂಬದ ಹೆಣ್ಣು ಕೂಸಿಗೆ ಈ ಮೂರೂ ಇಲ್ಲ. ಹಲ್ಲು ಬರುವ ಮೊದಲು, ಚೌಲಕ್ಕೆ, ಅಂದರೆ ಜವಳ ತೆಗೆಸುವುದಕ್ಕೆ ಮೊದಲು ಹೋದ ಮಕ್ಕಳಿಗೆ ಬಹಳಷ್ಟು ಮನೆಗಳಲ್ಲಿ ಸೂತಕವೂ ಕಡಿಮೆ, ಶ್ರಾದ್ಧವೂ ಇಲ್ಲ. ಹಿರಿಯರನ್ನು ಸುಡುವ ಮನೆತನದಲ್ಲೂ ಕೂಸನ್ನು ಹೂಳುತ್ತಾರೆ. ಆದ್ದರಿಂದ ನಿಮ್ಮ ಅಕ್ಕನನ್ನು ಅವಳ ಹೆಸರಿನ ಕಾಗದದಲ್ಲಿ ಹುಡುಕಬೇಡಿ, ಅಂಥದ್ದು ಬಹುಶಃ ಇಲ್ಲ. ಬೇರೆಯವರ ಕಾಗದಗಳಲ್ಲಿ, ಬೇರೆಯವರ ನೆನಪಿನಲ್ಲಿ, ನಿಮ್ಮ ಅಣ್ಣನ ಮುಖದಲ್ಲಿ ಹುಡುಕಿ. ಕೊನೆಯದನ್ನು ಯಾಕೆ ಹೇಳಿದೆ ಎಂಬುದು ಮುಂದೆ ಬರುತ್ತದೆ.

ಈಗ ಫೋಟೋ. ವಿಕಾರಿ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. ಇತ್ತೀಚೆಗೆ ಬಂದದ್ದು 2019-20ರಲ್ಲಿ, ಅದಕ್ಕೆ ಹಿಂದಿನದು 1959-60. ತಾಯಿಯವರಿಗೆ 84 ಅಂದರೆ ಆಗ ಅವರಿಗೆ ಹದಿನೆಂಟರ ಆಸುಪಾಸು. ಹೊಂದಿಕೆಯಾಗುತ್ತದೆ. ಆ ವರ್ಷದ ಕಾರ್ತಿಕ ಹೆಚ್ಚುಕಡಿಮೆ 1959ರ ನವೆಂಬರ್ ತಿಂಗಳು. ಪ್ರಶ್ನೆ ಇರುವುದು ತಂದೆ ಬರೆದದ್ದು ಹುಟ್ಟಿದ ತಿಂಗಳೋ, ಫೋಟೋ ತೆಗೆಸಿದ ತಿಂಗಳೋ, ಕೂಸು ಹೋದ ತಿಂಗಳೋ ಎಂಬಲ್ಲಿ. ಈ ಮೂರನ್ನೂ ಜನ ಫೋಟೋದ ಹಿಂದೆ ಬರೆಯುತ್ತಾರೆ, ಯಾವುದು ಎಂದು ಮಾತ್ರ ಬರೆಯುವುದಿಲ್ಲ. ಬರೆಯುವವರಿಗೆ ಅದು ಗೊತ್ತಿರುತ್ತದಲ್ಲ.

ಹಾಗಾಗಿ ಫೋಟೋವನ್ನು ಒಳ್ಳೆಯ ಬೆಳಕಿನಲ್ಲಿ ಇಟ್ಟುಕೊಂಡು ನೋಡಿ. ಕೂಸು ತಾನಾಗಿ ಕೂತಿದೆಯೇ, ಅಥವಾ ಹಿಂದಿನಿಂದ ಯಾರದೋ ಕೈ, ಸೆರಗು ಕಾಣುತ್ತದೆಯೇ? ಬಾಯಿ ತೆರೆದಿದ್ದರೆ ಹಲ್ಲಿವೆಯೇ? ತಲೆಯಲ್ಲಿ ಜವಳದ ಕೂದಲಿದೆಯೇ, ಬೋಳಿಸಿದ ಮೇಲೆ ಬಂದ ಕೂದಲೇ? ಕಾಲಲ್ಲಿ ಅದೇ ಕಡಗ ಇದೆಯೇ, ಇದ್ದರೆ ಬಿಗಿಯಾಗಿದೆಯೋ ಸಡಿಲವೋ? ಎಂಟು-ಹತ್ತು ತಿಂಗಳ ಕೂಸು ಕೂತಿರುವಂತೆ ಕಂಡರೆ ಕಾರ್ತಿಕ ಎಂಬುದು ಫೋಟೋ ತೆಗೆಸಿದ ತಿಂಗಳು, ಹುಟ್ಟಿದ್ದು ಅದೇ ಸಂವತ್ಸರದ ಮೊದಲಲ್ಲೋ ಹಿಂದಿನ ವಿಳಂಬಿಯ ಕೊನೆಯಲ್ಲೋ. ಹಳ್ಳಿಯಲ್ಲಿ ಸ್ಟುಡಿಯೋ ಇರಲಿಲ್ಲ. ಜಾತ್ರೆಗೋ ಸಂತೆಗೋ ಆಸ್ಪತ್ರೆಗೋ ಪೇಟೆಗೆ ಹೋದಾಗ ತೆಗೆಸಿದ್ದು. ರಟ್ಟಿನ ಮೂಲೆಯಲ್ಲಿ ಸ್ಟುಡಿಯೋದ ಉಬ್ಬುಮುದ್ರೆ ಇರುತ್ತದೆ, ಕಣ್ಣಿಗೆ ಕಾಣದಿದ್ದರೆ ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿಯಿರಿ. ಹರಿಹರವೋ ರಾಣೆಬೆನ್ನೂರೋ ದಾವಣಗೆರೆಯೋ ಗೊತ್ತಾದರೆ ಆ ವರ್ಷ ತಾಯಿ ಮಗು ಹೊಳೆಯ ಯಾವ ದಡದಲ್ಲಿದ್ದರು ಎಂಬುದಕ್ಕೆ ಒಂದು ಸುಳಿವು ಸಿಕ್ಕಂತೆ.

ಮೂರು ತುಂಬುವುದರೊಳಗೆ ಎಂಬ ಚಿಕ್ಕಮ್ಮನ ಮಾತನ್ನೂ ಸೇರಿಸಿದರೆ ನೀವು ಹುಡುಕಬೇಕಾದ ಕಾಲ 1956ರ ಕೊನೆಯಿಂದ 1962. ಅಷ್ಟೇ. ಇಷ್ಟು ಚಿಕ್ಕ ಕಿಂಡಿ ಸಿಗದೆ ವರ್ಷಗಟ್ಟಲೆ ಹುಡುಕಿದವರನ್ನು ನಾನು ಕಂಡಿದ್ದೇನೆ.

ಆದರೆ ಕಚೇರಿಗೆ ಹೋಗುವ ಮೊದಲು ತಾಯಿಯವರ ಹತ್ತಿರ ಕೂಡಬೇಕು. ಇದನ್ನು ಮುಂದೂಡಬೇಡಿ. ರಿಜಿಸ್ಟರು ಇನ್ನೂ ಹತ್ತು ವರ್ಷ ಕಾಯುತ್ತದೆ. ನಮ್ಮ ಹಳ್ಳಿಗಳಲ್ಲಿ ಸತ್ತ ಮಕ್ಕಳ ನಿಜವಾದ ದಫ್ತರ ಇಟ್ಟವರು ಹೆಂಗಸರು. ವಯಸ್ಸಾದ ಯಾವ ತಾಯಿಯನ್ನಾದರೂ ‘ಎಷ್ಟು ಮಕ್ಕಳು’ ಎಂದು ಕೇಳಿ, ಇರುವವರನ್ನು ಮಾತ್ರ ಹೇಳುತ್ತಾರೆ. ‘ಹಡೆದದ್ದು ಎಷ್ಟು, ಉಳಿದದ್ದು ಎಷ್ಟು’ ಎಂದು ಕೇಳಿ, ಒಂದನ್ನೂ ಬಿಡದೆ ಬೆರಳು ಮಡಚಿ ಎಣಿಸುತ್ತಾರೆ. ಎಪ್ಪತ್ತು ವರ್ಷ ಬಾಯಿ ಬಿಡದವರೂ ಆ ಪ್ರಶ್ನೆಗೆ ಬಾಯಿ ಬಿಟ್ಟಿದ್ದನ್ನು ನೋಡಿದ್ದೇನೆ, ಯಾಕೆಂದರೆ ಆ ಪ್ರಶ್ನೆಯಲ್ಲಿ ಹೋದ ಮಗುವಿಗೂ ಲೆಕ್ಕದಲ್ಲಿ ಜಾಗ ಇದೆ.

ಮೊದಲಿಗೇ ಫೋಟೋ ಮುಂದಿಡಬೇಡಿ. ಮುಖ ಕಂಡರೆ ದುಃಖ ಒಮ್ಮೆಲೇ ಬಂದು ಮಾತು ನಿಂತುಹೋಗುತ್ತದೆ. ಕಡಗ ಕೈಗೆ ಕೊಡಿ, ಇದು ಯಾರು ಮಾಡಿಸಿದ್ದು ಎಂದು ಕೇಳಿ. ಒಂದು ವಸ್ತುವಿನ ಬಗ್ಗೆ ಮಾತಾಡುವುದು ಹಗುರ. ಚೊಚ್ಚಲು ಕೂಸಿನ ಬೆಳ್ಳಿ ಸಾಮಾನ್ಯವಾಗಿ ತವರಿನದು, ಸೋದರಮಾವನದು. ಮಾವ ತಂದ ದಿನ ಯಾವುದು, ತೊಟ್ಟಿಲಿಗೆ ಹಾಕಿದಾಗ ಯಾರು ಯಾರು ಬಂದಿದ್ದರು, ಕಿವಿಯಲ್ಲಿ ಹೆಸರು ಹೇಳಿದ ಸೋದರತ್ತೆ ಯಾರು, ಹೀಗೆ ಸಾಗಲಿ. ಹೆಸರು ತಾನಾಗಿ ಬರುತ್ತದೆ. ಪುಟ್ಟಿ ಎಂಬುದು ಎತ್ತಿಕೊಂಡು ಕರೆದ ಹೆಸರು, ತೊಟ್ಟಿಲಲ್ಲಿ ಇಟ್ಟ ಹೆಸರು ಬೇರೆ ಇರಲೇಬೇಕು. ಅಜ್ಜಿಯ ಹೆಸರೋ ಮನೆದೇವರ ಹೆಸರೋ ಇರಬಹುದು.

ತಾರೀಖು ಕೇಳಬೇಡಿ, ಆ ಪೀಳಿಗೆಯ ಹಳ್ಳಿಯ ಹೆಣ್ಣುಮಕ್ಕಳಿಗೆ ತಾರೀಖು ಬೇಕಾಗಿರಲಿಲ್ಲ. ಮಳೆ ಕೇಳಿ. ‘ಆಗ ಯಾವ ಮಳೆ ನಡೀತಿತ್ತು’ ಎಂದರೆ ಉತ್ತರಿ, ಹಸ್ತ, ಚಿತ್ತಿ ಎಂದು ಥಟ್ಟನೆ ಬರುತ್ತದೆ. ಮಳೆಯ ನಕ್ಷತ್ರಗಳು ಸೂರ್ಯನ ಲೆಕ್ಕದವು, ಇಂಗ್ಲಿಷ್ ತಿಂಗಳಿಗೆ ನೇರ ಕೂಡುತ್ತವೆ: ಆರಿದ್ರಾ ಜೂನ್ 21ರ ಹೊತ್ತಿಗೆ ಹುಟ್ಟುತ್ತದೆ, ಮಘೆ ಆಗಸ್ಟ್ ನಡುವೆ, ಸ್ವಾತಿ ಅಕ್ಟೋಬರ್ ಕೊನೆಗೆ. ಹದಿಮೂರು-ಹದಿನಾಲ್ಕು ದಿನದೊಳಗೆ ನೀವು ಬಂದು ನಿಲ್ಲುತ್ತೀರಿ. ಮಳೆಗಾಲವಲ್ಲದಿದ್ದರೆ ಮೈಲಾರದ ಜಾತ್ರೆಯ ಕಾರಣಿಕ ನಿಮ್ಮ ಸೀಮೆಯವರಿಗೆ ಒಳ್ಳೆಯ ಗೂಟ, ಭರತ ಹುಣ್ಣಿಮೆಗೆ ಮೊದಲೋ ಆಮೇಲೋ ಎಂದು ಕೇಳಿ. ವರ್ಷಕ್ಕೆ ಬೇರೆ ಗೂಟ ಬೇಕು. ಒಂದು, 1962ರ ಫೆಬ್ರವರಿ ಮೊದಲ ವಾರದ ಅಷ್ಟಗ್ರಹ ಕೂಟ. ಲೋಕ ಮುಳುಗಿಹೋಗುತ್ತದೆ ಎಂದು ಊರೂರಲ್ಲಿ ಹೋಮ, ಭಜನೆ ನಡೆದದ್ದನ್ನು ಎಂಬತ್ತು ದಾಟಿದ ಬಹಳ ಮಂದಿ ಮರೆತಿಲ್ಲ. ಆಗ ಪುಟ್ಟಿ ಮಡಿಲಲ್ಲಿದ್ದಳೇ, ಹೋಗಿ ಆಗಿತ್ತೇ? ಅದೇ ವರ್ಷದ ದೀಪಾವಳಿ ಆಚೀಚೆ ಚೀನಾ ಯುದ್ಧ. ಈ ಎರಡು ಪ್ರಶ್ನೆಗಳಿಂದಲೇ ವರ್ಷ ಹೆಚ್ಚುಕಡಿಮೆ ನಿಲ್ಲುತ್ತದೆ.

ತಾಯಿ ನಿಲ್ಲಿಸಿದಲ್ಲಿ ನೀವೂ ನಿಲ್ಲಿಸಿ. ಕದ್ದು ರೆಕಾರ್ಡ್ ಮಾಡಬೇಡಿ. ಮತ್ತೊಂದು ದಿನ ಅಡುಗೆ ಮನೆಯಲ್ಲಿ ಸೊಪ್ಪು ಸೋಸುವಾಗ ಅವರೇ ಮುಂದುವರಿಸುತ್ತಾರೆ. ಒಂದು ವಿಷಯವನ್ನು ನೀವಾಗಿ ಹೇಳಿ: 1971ರಲ್ಲಿ ಕೂಡ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು, ಅದಕ್ಕೆ ಹತ್ತು ವರ್ಷ ಹಿಂದಿನ ಹಳ್ಳಿಯ ಮಾತಂತೂ ಕೇಳುವುದೇ ಬೇಡ. ಇದನ್ನು ಯಾಕೆ ಹೇಳುತ್ತೇನೆಂದರೆ, ಕೂಸು ಹೋದಾಗ ಹದಿನೆಂಟು ಇಪ್ಪತ್ತರ ಬಾಣಂತಿಯ ಮೇಲೆ ಮಾತು ಬರುತ್ತಿತ್ತು. ನೋಡಿಕೊಳ್ಳಲಿಲ್ಲ, ದೃಷ್ಟಿ ತೆಗೆಯಲಿಲ್ಲ, ಕಾಲ್ಗುಣ ಎಂದೆಲ್ಲ. ಅರವತ್ತು ವರ್ಷದ ಮೌನದ ಕೆಳಗೆ ಎಷ್ಟೋ ಸಲ ಇರುವುದು ಆ ಮಾತು.

ಈಗ ನಿಮ್ಮ ಅಣ್ಣನ ಮುಖಕ್ಕೆ ಬರೋಣ. ಅವರ ಮೂಗಿನ ಹೊಳ್ಳೆಯನ್ನು ಹತ್ತಿರದಿಂದ ನೋಡಿ, ಚುಚ್ಚಿ ಮುಚ್ಚಿಕೊಂಡ ಒಂದು ಸಣ್ಣ ಚುಕ್ಕೆ ಇದೆಯೇ? ಮೊದಲಿನ ಮಗು ಉಳಿಯದಿದ್ದ ಮನೆಯಲ್ಲಿ ಅದರ ಬೆನ್ನಿಗೆ ಹುಟ್ಟಿದ ಗಂಡು ಮಗುವಿನ ಮೂಗು ಚುಚ್ಚಿಸಿ ಗುಂಡ ಎಂದು ಕರೆಯುವ ಪದ್ಧತಿ ನಮ್ಮಲ್ಲಿ ಬಹಳ ಕಡೆ ಇತ್ತು. ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ ಉಳಿಯಲಿ, ಮೂಗು ಚುಚ್ಚಿದ ಮಗುವಿನ ಮೇಲೆ ಸಾವಿನ ಕಣ್ಣು ಬೀಳದಿರಲಿ ಎಂಬ ನಂಬಿಕೆ. ಕಲ್ಲಪ್ಪ, ತಿಪ್ಪಯ್ಯ, ತಿರುಕಪ್ಪ, ಹುಚ್ಚಪ್ಪ, ಇವೂ ಎಷ್ಟೋ ಸಲ ಇದೇ ಭಯದಿಂದ ಹುಟ್ಟಿದ ಹೆಸರುಗಳು. ತಿಪ್ಪೆಯ ಮೇಲೆ ಕ್ಷಣ ಮಲಗಿಸಿ ಎತ್ತಿಕೊಂಡು ತಿಪ್ಪ ಎನ್ನುತ್ತಿದ್ದರು, ಬೇಡದ ವಸ್ತು ಎಂದು ಜವರಾಯ ಬಿಟ್ಟು ಹೋಗಲಿ ಅಂತ. ಎಲ್ಲ ತಿಪ್ಪೇಸ್ವಾಮಿಗಳೂ ಹಾಗಲ್ಲ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆಗಳಲ್ಲಿ ಅದು ಭಕ್ತಿಯ ಹೆಸರು. ವಂಶಾವಳಿ ಬರೆಯುವಾಗ ಇಂಥ ಹೆಸರೊಂದು ಕಂಡರೆ ಅದರ ಹಿಂದೆ ಖಾಲಿ ಬಿಟ್ಟ ಒಂದು ಗೆರೆ ಇದೆಯೇ ಎಂದು ನಾನು ಕೇಳದೆ ಮುಂದೆ ಹೋಗುವುದಿಲ್ಲ. ನಿಮ್ಮ ಅಣ್ಣ ಹುಟ್ಟಿದ್ದು 1964ರ ಸುಮಾರು. ಅವರ ಮೂಗಿನಲ್ಲಿ ಚುಕ್ಕೆ ಇದ್ದರೆ, ಪುಟ್ಟಿ ಹೋಗಿ ಒಂದೆರಡು ವರ್ಷದೊಳಗೆ ಹೆದರಿಕೆ ಇನ್ನೂ ಹಸಿಯಾಗಿದ್ದಾಗ ಹುಟ್ಟಿದವರು ಎಂದಾಯಿತು.

ಹಾಗೇ ನಿಮ್ಮ ಹೆಸರು ಯಾರು ಇಟ್ಟದ್ದು, ಯಾಕೆ ಇಟ್ಟದ್ದು ಎಂದೂ ವಿಚಾರಿಸಿ. ಹೋದ ಮಗಳ ಹೆಸರನ್ನೇ ಮುಂದೆ ಹುಟ್ಟಿದ ಮಗಳಿಗೆ ಇಟ್ಟ ಮನೆಗಳುಂಟು, ಆ ಹೆಸರನ್ನು ಮತ್ತೆ ಎತ್ತಲೇಬಾರದು ಎಂದ ಮನೆಗಳೂ ಉಂಟು. ಹೆಸರು ಒಂದೇ ಆಗಿದ್ದರೆ ಒಂದು ಎಚ್ಚರ: ಅಕ್ಕನ ಜನನ ದಾಖಲೆಯನ್ನೇ ತಂಗಿಯದೆಂದು ತಿಳಿದು ಶಾಲೆಗೆ ಸೇರಿಸುವಾಗ ಬಳಸಿದ ಉದಾಹರಣೆಗಳಿವೆ. ನಿಮ್ಮ ಶಾಲಾ ದಾಖಲೆಯ ವಯಸ್ಸಿಗೂ ಮನೆಯವರು ಹೇಳುವ ವಯಸ್ಸಿಗೂ ವರ್ಷಗಟ್ಟಲೆ ಅಂತರ ಇದ್ದರೆ, ಮೇಷ್ಟ್ರು ಜೂನ್ ಒಂದು ಎಂದು ಬರೆದದ್ದಷ್ಟೇ ಅದಕ್ಕೆ ಕಾರಣ ಎಂದುಕೊಂಡು ಬಿಟ್ಟುಬಿಡಬೇಡಿ.

ಇನ್ನು ಕಚೇರಿ. ನಿಮ್ಮ ವಿಷಯದಲ್ಲಿ ತುಂಗಭದ್ರೆಯೇ ಮುಖ್ಯ. ಈಚೆ ದಡದ ಹರಿಹರ ಹಳೇ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ, ಆಚೆ ದಡದ ರಾಣೆಬೆನ್ನೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ಕ್ಕೆ ರಾಜ್ಯ ಒಂದಾಯಿತು, ಕಾನೂನು ಕಟ್ಟಳೆ ಒಂದಾಗಲು ವರ್ಷಗಳೇ ಹಿಡಿದವು. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾಯ್ದೆ ಬಂದದ್ದು 1969ರಲ್ಲಿ, ನಮ್ಮಲ್ಲಿ ಜಾರಿಯಾದದ್ದು 1970ರ ಏಪ್ರಿಲ್‌ನಿಂದ. ಅದಕ್ಕೂ ಮೊದಲು ಒಂದೊಂದು ಸೀಮೆಗೆ ಒಂದೊಂದು ರೂಢಿ. ದಕ್ಷಿಣ ಕನ್ನಡ, ಕೊಳ್ಳೇಗಾಲದ ಕಡೆಯವರು ಮದರಾಸಿನ 1899ರ ಕಾಯ್ದೆಯ ಪುಸ್ತಕಗಳನ್ನು ನೋಡಬೇಕು. ಹರಿಹರದ ಹಳ್ಳಿಗಳಲ್ಲಿ ಲೆಕ್ಕ ಪಟೇಲ-ಶಾನುಭೋಗರ ಕೈಯಲ್ಲಿತ್ತು, ರಾಣೆಬೆನ್ನೂರಿನ ಕಡೆ ಅಷ್ಟು ಹೊತ್ತಿಗಾಗಲೇ ಸರ್ಕಾರಿ ತಲಾಟಿ, ಅಂದರೆ ಗ್ರಾಮಲೆಕ್ಕಿಗ, ಬಂದಿದ್ದ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದದ್ದು 1963ರ ಫೆಬ್ರವರಿಯಲ್ಲಿ. ಆ ಕೈಬದಲಿನಲ್ಲಿ ಎಲ್ಲ ಪುಸ್ತಕ ತಾಲೂಕು ಕಚೇರಿಗೆ ಬಂದು ಸೇರಲಿಲ್ಲ. ಕೆಲವು ಗೆದ್ದಲಿಗೆ ಹೋದವು, ಕೆಲವು ಶಾನುಭೋಗರ ಮನೆಯ ಅಟ್ಟದಲ್ಲೇ ಉಳಿದವು. ಆದ್ದರಿಂದ ತವರೂರಿನಲ್ಲಿ ಹಳೇ ಶಾನುಭೋಗರ ಮನೆಯವರು ಯಾರಾದರೂ ಇದ್ದರೆ ಹೋಗಿ ಮಾತಾಡಿಸಿ ಬನ್ನಿ.

ಚೊಚ್ಚಲು ಹೆರಿಗೆ ತವರಿನಲ್ಲಿ. ಅಂದಮೇಲೆ ಜನನಕ್ಕೆ ಹರಿಹರ ತಾಲೂಕು ಕಚೇರಿಯ ರೆಕಾರ್ಡ್ ರೂಮು. ಮರಣ ಅಪ್ಪನ ಊರಿನಲ್ಲಾಗಿದ್ದರೆ ರಾಣೆಬೆನ್ನೂರು. ಆದರೆ ಕೂಸನ್ನು ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಓಡಿದ್ದರೆ, ಅಲ್ಲೇ ಹೋಗಿದ್ದರೆ, ದಾಖಲಾಗುವುದು ಆ ಪೇಟೆಯ ಪುರಸಭೆಯಲ್ಲಿ. ಮನೆಯ ಊರಿನಲ್ಲಿ ಅಲ್ಲ, ಘಟನೆ ನಡೆದ ಜಾಗದಲ್ಲಿ ಬರೆಯುವುದು ನಿಯಮ. ದಾವಣಗೆರೆ, ಹುಬ್ಬಳ್ಳಿ ಎರಡನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಆಸ್ಪತ್ರೆಯ ಕೇಸ್‌ಶೀಟು ಇಷ್ಟು ಕಾಲ ಇಡುವುದಿಲ್ಲ, ಅದರ ಆಸೆ ಬೇಡ.

ಅರ್ಜಿಯಲ್ಲಿ ‘ಪುಟ್ಟಿ’ ಎಂದೋ ಮುಂದೆ ಸಿಗುವ ತೊಟ್ಟಿಲ ಹೆಸರನ್ನೋ ಬರೆದು ಹುಡುಕಿಕೊಡಿ ಎಂದರೆ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರವೇ ಕೈಗೆ ಬರುವುದು. ಯಾಕೆಂದರೆ ಹಳೇ ಜನನ ಪುಸ್ತಕದಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ವರದಿ ಹೋಗುತ್ತಿದ್ದದ್ದು ಹೆರಿಗೆಯಾದ ಕೆಲ ದಿನಕ್ಕೆ, ನಾಮಕರಣ ಆಮೇಲೆ. ನಾನು ನೋಡಿದ ಒಂದು ಪುಟ ಈಗಲೂ ಕಣ್ಣ ಮುಂದಿದೆ. ಅಂಚು ಪುಡಿಯಾದ ಉದ್ದ ಹಾಳೆ, ನೀಲಿ ಮಸಿ ಕಂದಾಗಿದೆ. ಕ್ರಮಸಂಖ್ಯೆ, ತಾರೀಖು, ತಂದೆಯ ಹೆಸರು, ಜಾತಿ, ಕಸುಬು, ಕೊನೆಗೆ ವರದಿ ಕೊಟ್ಟ ತಳವಾರನ ಹೆಬ್ಬೆಟ್ಟು. ಹೆಸರಿನ ಕಲಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ‘ಹೆಣ್ಣು’, ‘ಗಂಡು’, ‘ಗಂಡು’, ‘ಹೆಣ್ಣು’, ಆಮೇಲೆ ‘ಸದರ್’, ‘ಸದರ್’, ಅಂದರೆ ಮೇಲಿನಂತೆಯೇ. ನಾಲ್ಕು ಪುಟ ಮುಂದೆ ಮರಣದ ಭಾಗದಲ್ಲಿ ಅದೇ ಕೈಬರಹ, ‘ಸದರೀ ಇಂಥವರ ಮಗಳು, 14 ದಿನ, ಜ್ವರ’. ಆ ಕೂಸು ಕಾಗದದಲ್ಲಿ ಇರುವುದು ಅಷ್ಟೇ, ಎರಡು ಸಾಲು. ಹುಡುಕಿಕೊಂಡು ಬಂದಿದ್ದ ಮನೆಯವರು ಆ ಸಾಲಿನ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ತೆಗೆಯಲಿಲ್ಲ.

ಹೀಗಾಗಿ ಅರ್ಜಿಯಲ್ಲಿ ತಂದೆಯ ಹೆಸರು, ಅಜ್ಜನ ಹೆಸರು, ಅಡ್ಡಹೆಸರು, ತಾಯಿಯ ಹೆಸರು, ಹಳ್ಳಿಯ ಹೆಸರು, ‘ಹೆಣ್ಣು ಮಗು’, ಮತ್ತು 1956ರ ಕೊನೆಯಿಂದ 1960 ಎಂಬ ಅವಧಿ, ಇಷ್ಟನ್ನೂ ಬರೆಯಿರಿ. ತವರಿನಲ್ಲಿ ಹೆರಿಗೆಯಾದ್ದರಿಂದ ವರದಿ ಕೊಟ್ಟವರು ತಾಯಿಯ ತಂದೆ ಇರಬಹುದು, ಅವರ ಹೆಸರನ್ನೂ ಸೇರಿಸಿ. ಒಬ್ಬರು ಆರು ತಿಂಗಳು ಹುಡುಕಿ ಬರಿಗೈಯಲ್ಲಿ ಬಂದಿದ್ದರು. ಕೊನೆಗೆ ನೋಡಿದರೆ ಶಾನುಭೋಗರು ಅವರ ಅಜ್ಜನನ್ನು ಊರವರು ಕರೆಯುತ್ತಿದ್ದ ಅಡ್ಡಹೆಸರಿನಲ್ಲಿ ಬರೆದಿದ್ದರು. ಗ್ರಾಮ ಆಡಳಿತ ಅಧಿಕಾರಿಯ ಕಂಪ್ಯೂಟರಿನಲ್ಲಿ ಇಲ್ಲ ಎಂದರೆ ಅಲ್ಲಿಗೆ ಮುಗಿಯಲಿಲ್ಲ, ಅದರಲ್ಲಿರುವುದು ಈಚಿನದು. ನಿಮಗೆ ಬೇಕಾದ್ದು ಕೈಬರಹದ ಪುಸ್ತಕ. ತಹಸೀಲ್ದಾರರಿಗೆ ನಕಲು ಅರ್ಜಿ ಕೊಟ್ಟು, ಸಾಧ್ಯವಾದರೆ ಪುಸ್ತಕವನ್ನು ಕಣ್ಣಾರೆ ನೋಡಲು ಅವಕಾಶ ಕೇಳಿ. ಗುಮಾಸ್ತರು ಹೆಸರು ಹುಡುಕುತ್ತಾರೆ, ನೀವು ನಿಮ್ಮ ಮನೆಯನ್ನು ಹುಡುಕುತ್ತೀರಿ. ಎರಡಕ್ಕೂ ವ್ಯತ್ಯಾಸವಿದೆ.

ಮರಣದ ಸಾಲಿನಲ್ಲಿ ರೋಗದ ಕಲಮು ಓದುವಾಗ ಸ್ವಲ್ಪ ತಾಳ್ಮೆ ಬೇಕು. ಬರೆದವರು ವೈದ್ಯರಲ್ಲ, ಮನೆಯವರು ಹೇಳಿದ್ದನ್ನು ಬರೆದುಕೊಂಡವರು. ‘ಜ್ವರ’ ಎಂದರೆ ಏನು ಬೇಕಾದರೂ ಆಗಬಹುದು. ‘ಅಮ್ಮ’ ಎಂದರೆ ಸಾಮಾನ್ಯವಾಗಿ ಸಿಡುಬು, ಅದು ಈ ದೇಶದಿಂದ ಹೋದದ್ದು 1975ರಲ್ಲಿ. ನಿಮ್ಮ ಸೀಮೆಯಲ್ಲಿ ‘ಗೊಬ್ಬರ’ ಎಂದು ಬರೆದಿದ್ದರೆ ಗಾಬರಿಯಾಗಬೇಡಿ, ಅದು ದಡಾರ. ಮೂರು ವರ್ಷದೊಳಗಿನ ಮಕ್ಕಳನ್ನು ಬಹಳವಾಗಿ ತೆಗೆದುಕೊಂಡು ಹೋಗುತ್ತಿದ್ದದ್ದು ದಡಾರ, ಭೇದಿ, ನಾಯಿಕೆಮ್ಮು, ಗಂಟಲಮಾರಿ. ‘ಬಾಲಗ್ರಹ’ ಎಂಬುದು ಸೆಳೆತ ಬಂದು ಹೋದ ಕೂಸಿಗೂ ಸೊರಗಿ ಹೋದ ಕೂಸಿಗೂ ಹಾಕುತ್ತಿದ್ದ ಒಂದೇ ಹೆಸರು. ಹುಟ್ಟಿ ಏಳೆಂಟು ದಿನಕ್ಕೆ ಮೊಲೆ ಹಿಡಿಯದೆ ಸೆಟೆದು ಹೋಯಿತು ಎಂದು ಯಾರಾದರೂ ಹೇಳಿದರೆ ಅದು ಬಹುಪಾಲು ಹೊಕ್ಕುಳ ಬಳ್ಳಿ ಕೊಯ್ದಲ್ಲಿಂದ ತಗಲಿದ ಧನುರ್ವಾಯು. ಪುಟ್ಟಿಯ ವಯಸ್ಸಿಗೆ ಅದು ಹೊಂದುವುದಿಲ್ಲ, ನಿಮ್ಮ ಹಾಗೆ ಹುಡುಕುತ್ತಿರುವ ಬೇರೆಯವರಿಗೆ ಇರಲಿ ಎಂದು ಹೇಳಿದೆ.

ರೋಗದ ವಿಷಯ ಬಂದದ್ದರಿಂದ ಒಂದು ಮಾತು. ತಾಯಿಯವರು ಬೆರಳು ಮಡಚಿ ಎಣಿಸುವಾಗ ಪುಟ್ಟಿಯಲ್ಲದೆ ಇನ್ನೂ ಒಂದೆರಡು ಹೆಸರು ಬಂದರೆ, ಅಥವಾ ಸೋದರಮಾವನ ಜೊತೆ, ಅತ್ತೆಮಗನ ಜೊತೆ ಮದುವೆಯಾದ ನಿಮ್ಮ ಬಳಗದ ಮನೆಗಳಲ್ಲಿ ಒಂದೇ ರೀತಿ ಮಕ್ಕಳು ಹೋಗಿದ್ದರೆ, ಅದನ್ನು ಬರೆದಿಟ್ಟು ಈಗ ಮಕ್ಕಳು ಹೆರುವ ವಯಸ್ಸಿನವರ ಡಾಕ್ಟರಿಗೆ ತೋರಿಸಿ. ಚೊಚ್ಚಲು ಉಳಿದು, ಆಮೇಲಿನವು ಹುಟ್ಟಿದ ಕೂಡಲೇ ಮೈ ಹಳದಿಯಾಗಿ ಹೋಗಿದ್ದರೆ ತಾಯಿ-ಮಗುವಿನ ರಕ್ತದ ಗುಂಪು ಹೊಂದದ ಸಂಗತಿಯೂ ಇರಬಹುದು. ನಿಮ್ಮ ಮನೆಯ ಕಥೆ ಹಾಗೆ ಕಾಣುವುದಿಲ್ಲ. ಒಂದೇ ಕೂಸು, ಅದೂ ನಡೆದಾಡುವ ವಯಸ್ಸಿನದು, ಅಂದಿನ ಕಾಲದ ಸಾಂಕ್ರಾಮಿಕದ ಹಾಗೆಯೇ ತೋರುತ್ತದೆ.

ಕೆಲವು ದಾರಿಗಳನ್ನು ನಿಮಗೆ ಬೇಡ ಎನ್ನುತ್ತೇನೆ. ಜನಗಣತಿಯಲ್ಲಿ ಮನೆಮನೆಯ ಹೆಸರು ಸಿಗುವುದಿಲ್ಲ, 1948ರ ಕಾಯ್ದೆಯಂತೆ ಅದು ಗುಟ್ಟು. ನಾಡಕಚೇರಿಯ ವಂಶವೃಕ್ಷದಲ್ಲಿ ಪುಟ್ಟಿ ಇರುವುದಿಲ್ಲ. ಶಾಲೆಗೆ ಹೋಗುವ ವಯಸ್ಸು ಆಗಿರಲಿಲ್ಲ. ಹೋಗಿದ್ದರೆ ದಾಖಲಾತಿ ಪುಸ್ತಕದಲ್ಲಿ ಒಂದು ಸಾಲು ಇರುತ್ತಿತ್ತು, ಹೆಸರು ತೆಗೆದ ಕಾರಣವೂ ಇರುತ್ತಿತ್ತು. ಹೋದದ್ದು ಗಂಡು ಮಗುವಾಗಿದ್ದರೆ ನಾನು ಮೊದಲು ಕಳಿಸುತ್ತಿದ್ದದ್ದು ಸಬ್‌ರಿಜಿಸ್ಟ್ರಾರ್ ಕಚೇರಿಗೆ. ಕೂಡುಕುಟುಂಬದ ಆಸ್ತಿಯಲ್ಲಿ ಗಂಡು ಮಗುವಿಗೆ ಹುಟ್ಟಿನಿಂದಲೇ ಹಕ್ಕಿತ್ತು. ಆದ್ದರಿಂದ ಹೊಲ ಕೊಳ್ಳುವವನು ಮುಂದೆ ತಕರಾರು ಬಾರದಿರಲೆಂದು ಕ್ರಯಪತ್ರದಲ್ಲಿ ‘ಮೈನರ್ ಮಗ ಇಂಥವನು, ವಯಸ್ಸು ಇಷ್ಟು, ಪರವಾಗಿ ತಂದೆ ಗಾರ್ಡಿಯನ್’ ಎಂದು ಬರೆಸುತ್ತಿದ್ದ. ಎರಡು ವರ್ಷದ ಕೂಸುಗಳ ಹೆಸರು, ವಯಸ್ಸು ನನಗೆ ಹೀಗೆ ಸಿಕ್ಕಿವೆ. ಮುಂದಿನ ಪತ್ರದಲ್ಲಿ ಆ ಹೆಸರು ಇಲ್ಲದಿದ್ದರೆ ಎರಡು ಪತ್ರಗಳ ನಡುವೆ ಹೋಯಿತು ಎಂದು ತಿಳಿಯುತ್ತದೆ. ಹೆಣ್ಣುಮಕ್ಕಳಿಗೆ ಆ ಹಕ್ಕು ನಮ್ಮ ರಾಜ್ಯದಲ್ಲಿ ಬಂದದ್ದು 1994ರಲ್ಲಿ. 1960ರ ಪುಟ್ಟಿಯ ಹೆಸರನ್ನು ಯಾವ ಕ್ರಯಪತ್ರವೂ ಕೇಳಿರಲಿಲ್ಲ. ಊರೂರಿಗೆ ಬಂದು ಮನೆತನದ ವಂಶಾವಳಿ ಹೇಳುವ ಹೆಳವರ ಪುಸ್ತಕದಲ್ಲೂ ನಡೆಯುವುದು ಗಂಡು ಸಂತಾನದ ಸಾಲು. ಆದರೂ ನಿಮ್ಮ ಮನೆತನದ ಹೆಳವರು ಈಗಲೂ ಬರುತ್ತಿದ್ದರೆ ಕೂರಿಸಿ ಕೇಳಿ. ಮನೆತನ ಮೂಲದಲ್ಲಿ ಎಲ್ಲಿಂದ ಬಂತು, ಅಜ್ಜನ ಅಣ್ಣತಮ್ಮಂದಿರು ಯಾರು ಎಂಬುದು ಗೊತ್ತಾಗುತ್ತದೆ. ಆ ಕವಲಿನ ಯಾವುದೋ ಮನೆಯಲ್ಲಿ ಪುಟ್ಟಿಯನ್ನು ಎತ್ತಿ ಆಡಿಸಿದ ಒಬ್ಬ ಅಜ್ಜಿ ಇರಬಹುದು.

ಕ್ರೈಸ್ತ ಮನೆತನದವರ ದಾರಿ ಇದಕ್ಕಿಂತ ಸುಲಭ. ಹುಟ್ಟಿದ ಕೆಲವೇ ದಿನಕ್ಕೆ ಜ್ಞಾನಸ್ನಾನ ಮಾಡಿಸುವುದರಿಂದ ಕೂಸಿನ ಹೆಸರು, ತಂದೆತಾಯಿ, ದೇವತಂದೆ-ದೇವತಾಯಿ ಎಲ್ಲ ಚರ್ಚಿನ ಪುಸ್ತಕದಲ್ಲಿರುತ್ತದೆ, ಹೂಳಿದ ದಿನ ಬೇರೆ ಪುಸ್ತಕದಲ್ಲಿ. ಹೆಣ್ಣು ಗಂಡು ಎಂಬ ಭೇದವಿಲ್ಲದೆ ಬರೆದ ಆ ಪುಸ್ತಕಗಳನ್ನು ನೋಡಿದಾಗೆಲ್ಲ ನಮ್ಮ ಹಳ್ಳಿಗಳ ‘ಸದರ್’ ನೆನಪಾಗಿ ಸಂಕಟವಾಗುತ್ತದೆ.

ಮಣ್ಣು ಮಾಡಿದ ಜಾಗ ಕೇಳಿದರೆ ಬಹುಶಃ ಸಿಗುತ್ತದೆ. ಕಲ್ಲು ನೆಟ್ಟಿರುವುದಿಲ್ಲ. ಹಳ್ಳದ ದಂಡೆ, ಹೊಲದ ಬದುವಿನ ಬೇವಿನ ಮರ, ಹಿತ್ತಲಿನ ಮೂಲೆ, ಹೀಗೆ ಇರುತ್ತದೆ. ಬದು ಕಟ್ಟುವಾಗ ‘ಆ ಕಡೆ ಕೀಳಬೇಡ್ರೋ’ ಎಂದು ನಿಮ್ಮ ತಂದೆ ಹೇಳುತ್ತಿದ್ದ ಜಾಗ ಯಾವುದಾದರೂ ಇತ್ತೇ ಎಂದು ಅಣ್ಣನನ್ನು ಕೇಳಿ ನೋಡಿ. ಮಹಾಲಯದಲ್ಲಿ ಹಿರಿಯರಿಗೆ ಎಡೆ ಇಡುವಾಗ ಪಕ್ಕದಲ್ಲಿ ಚಿಕ್ಕದೊಂದು ಎಡೆ, ಒಂದು ಉಂಡೆ ಬೆಲ್ಲವೋ ಒಂದಿಷ್ಟು ಮಂಡಕ್ಕಿಯೋ ಅಮ್ಮ ಇಡುತ್ತಿದ್ದರೇ ಎಂಬುದನ್ನೂ ನೆನಪು ಮಾಡಿಕೊಳ್ಳಿ. ಯಾರಿಗೆ ಎಂದು ಮಕ್ಕಳು ಕೇಳಿರುವುದಿಲ್ಲ, ದೊಡ್ಡವರು ಹೇಳಿರುವುದಿಲ್ಲ.

ನಿಮ್ಮ ಮನೆಯ ವಂಶಾವಳಿ ಬರೆಯುವಾಗ ಅಪ್ಪ ಅಮ್ಮನ ಕೆಳಗಿನ ಸಾಲಿನಲ್ಲಿ ಮೊದಲ ಜಾಗ ಪುಟ್ಟಿಯದು, ಅಣ್ಣನದು ಎರಡನೆಯದು, ನಿಮ್ಮದು ಮೂರನೆಯದು. ತೊಟ್ಟಿಲ ಹೆಸರು ಸಿಗುವವರೆಗೆ ಪುಟ್ಟಿ ಎಂದೇ ಬರೆಯಿರಿ, ಅಪ್ಪ ಬರೆದ ಹೆಸರು ಅದು. ಪಕ್ಕದಲ್ಲಿ ಏನು ಎಲ್ಲಿಂದ ತಿಳಿಯಿತು ಎಂದು ಬರೆದಿಡಿ: ‘ಫೋಟೋದ ಹಿಂದೆ, ಅಪ್ಪನ ಕೈಬರಹ’, ‘ಚಿಕ್ಕಮ್ಮ ಹೇಳಿದ್ದು, ಇಂಥ ದಿನ’. ಊಹೆಯನ್ನು ಪೆನ್ಸಿಲಿನಲ್ಲಿ, ಖಚಿತವಾದದ್ದನ್ನು ಪೆನ್ನಿನಲ್ಲಿ. ತಡವಾಗಿ ನೋಂದಣಿ ಮಾಡಿಸುವ ಕಾನೂನಿನ ದಾರಿ ಇದೆ, ಆದರೆ ಆಸ್ತಿ, ಪಿಂಚಣಿಯಂಥ ಅಗತ್ಯ ಯಾವುದೂ ಇಲ್ಲದಿರುವಾಗ ಅದಕ್ಕೆ ಓಡಾಡಬೇಡಿ.

ಹರಿಹರಕ್ಕೆ ಹೋಗುವಾಗ ಅಣ್ಣನನ್ನೂ ಕರೆದುಕೊಂಡು ಹೋಗಿ. ಪುಸ್ತಕದಲ್ಲಿ ಸಾಲು ಸಿಕ್ಕರೆ ಪುಟದ ಸಂಖ್ಯೆ, ಕ್ರಮಸಂಖ್ಯೆ ಎರಡನ್ನೂ ಬರೆದುಕೊಳ್ಳಿ, ನಕಲಿಗೆ ಆಗಲೇ ಅರ್ಜಿ ಹಾಕಿ. ಶಾನುಭೋಗರ ಕೈಬರಹ ಬಿಡಿಸಲು ಆಗದಿದ್ದರೆ, ಹೊಳೆಯಾಚೆಯ ಹಳೇ ಕಾಗದ ಮೋಡಿ ಲಿಪಿಯಲ್ಲಿದ್ದರೆ, ನಕಲಿನ ಫೋಟೋ ಕಳಿಸಿ. ನಾನು ಓದಿ ಬರೆದು ಕಳಿಸುತ್ತೇನೆ.